ಬಾಸಿಂಗದವಳ ಹಳೆಯ ಬಾಗಿಲು

ಜಾಲತಾಣ ಕಟ್ಟುವುದನ್ನು ಕಲಿಯುತ್ತಿದ್ದ ಚಂಪಕ ಗುರುಗಳನ್ನು ಕೇಳಿದಳು: “ಗುರುಗಳೇ, ನಮ್ಮ ತಾಣದ ವಿಳಾಸ ಬದಲಾಗಿದೆ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸಬೇಕು. ತಾತ್ಕಾಲಿಕವೆಂದು ಕಳಿಸಲೇ, ಕಾಯಂ ಎಂದು ಕಳಿಸಲೇ? ಹೇಗೆ ಕಳಿಸಿದರೂ ಜನ ತಲುಪುತ್ತಾರಲ್ಲ. ಆದರೆ ಸರ್ಚ್‌ನಲ್ಲಿ ನಮ್ಮ ಹೆಸರು ಕೆಳಗಿಳಿಯಬಾರದು.”

ಗುರುಗಳು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಗಿರಿಜವ್ವ ಎಂಬುವಳು ಮದುವೆಯ ಬಾಸಿಂಗ ಕಟ್ಟುತ್ತಿದ್ದಳು. ಪರ ಊರಿನವರು ಛತ್ರದಲ್ಲಿ ಇಳಿದು, “ಒಳ್ಳೆಯ ಬಾಸಿಂಗ ಎಲ್ಲಿ ಸಿಗುತ್ತದೆ?” ಎಂದರೆ ಛತ್ರದ ಯಜಮಾನ ಮೊದಲು ಅವಳ ಮನೆಯನ್ನೇ ತೋರಿಸುತ್ತಿದ್ದ.

ಮನೆ ಸಾಲದಾಯಿತು. ಅವಳು ಕೋಟೆ ಬಾಗಿಲ ಬಳಿ ದೊಡ್ಡ ಮನೆಗೆ ಹೋದಳು. ಅತ್ತೆ ಬಾಳಿದ ಮನೆಯನ್ನು ಪೂರ್ತಿ ಬಿಟ್ಟೆನೆನ್ನಲು ಮನಸ್ಸು ಬರಲಿಲ್ಲ. ಹಳೆಯ ಬಾಗಿಲಿಗೆ ಹಲಗೆ ಹಾಕಿದಳು: ‘ಸದ್ಯಕ್ಕೆ ಕೋಟೆ ಬಾಗಿಲಲ್ಲಿದ್ದೇನೆ.’

ಜನ ಹಲಗೆ ಓದಿಕೊಂಡು ಬಂದರು. ಆದರೆ ಕೋಟೆ ಬಾಗಿಲಲ್ಲಿ ಬಾಸಿಂಗ ಯಾರು ಕಟ್ಟುತ್ತಾರೆಂದು ಕೇಳಿದವರಿಗೆ ಛತ್ರದ ಯಜಮಾನ ಬೇರೊಬ್ಬನ ಹೆಸರು ಹೇಳುತ್ತಿದ್ದ. ಲಗ್ನದ ಕಾಲದಲ್ಲಿ ದಿಬ್ಬಣಗಳು ಅವಳ ಮುಂದೆಯೇ ಅವನ ಅಂಗಡಿಗೆ ಹೋದವು. ಅವಳು ಛತ್ರಕ್ಕೆ ನಡೆದಳು.

“ಇಷ್ಟು ವರ್ಷದ ನನ್ನ ಹೆಸರು ಎಲ್ಲಿ ಹೋಯಿತಪ್ಪ?”

“ಎಲ್ಲಿಯೂ ಹೋಗಿಲ್ಲವ್ವ, ನಿನ್ನ ಹಳೆಯ ಮನೆಯಲ್ಲೇ ಇದೆ. ಸದ್ಯಕ್ಕೆ ಅಂತ ನೀನೇ ಬರೆದಿದ್ದೀಯ. ಇಂದೋ ನಾಳೆಯೋ ಮರಳುತ್ತೀಯ ಅಂತ ನಾನು ಆ ಮನೆಯನ್ನೇ ತೋರಿಸುತ್ತಿದ್ದೇನೆ.”

ಗಿರಿಜವ್ವ ಅಲ್ಲಿಯೇ ನಿಂತು ನಕ್ಕುಬಿಟ್ಟಳು. ಹಳೆಯ ಮನೆಗೆ ಹೋಗಿ ಹಲಗೆ ಅಳಿಸಿ ಬರೆದಳು: ‘ಇನ್ನು ಮುಂದೆ ಕೋಟೆ ಬಾಗಿಲೇ ನನ್ನ ಮನೆ.’

ಯಜಮಾನ ಅಂದೇ ನಂಬಲಿಲ್ಲ. ಆ ದಾರಿಯಲ್ಲಿ ಹೋದಾಗಲೆಲ್ಲ ಹಲಗೆ ನೋಡಿದ. ಮಾತು ಬದಲಾಗದ್ದನ್ನು ಕಂಡು ಹೊಸ ಮನೆ ತೋರಿಸತೊಡಗಿದ. ಹಳೆಯ ಹೆಸರು ಹೊಸ ಮನೆಗೆ ಬಂತು. ದಿಬ್ಬಣದ ವಾಲಗದವರು ನೇರ ಅವಳ ಅಂಗಳಕ್ಕೇ ಬಂದು ನುಡಿಸಿದರು. ಗಿರಿಜವ್ವ ಅವರಿಗೆಲ್ಲ ಪಾನಕ ಕೊಟ್ಟಳು. ನೆನಪಿನ ಮೇಲೆ ಹಳೆಯ ಬೀದಿಗೆ ಹೋಗುವ ಮುದುಕಿಯರಿಗಾಗಿ ಹಲಗೆಯನ್ನು ಮಾತ್ರ ತೆಗೆಯಲಿಲ್ಲ.

ಚಂಪಕ ಕೇಳಿದಳು: “ಹಾಗಾದರೆ ‘ಸದ್ಯಕ್ಕೆ’ ಎನ್ನುವುದೇ ತಪ್ಪೇ?”

“ಇಲ್ಲಮ್ಮ. ಮರುವರ್ಷ ಹೊಸ ಮನೆಗೆ ಹೆಂಚು ಹೊದಿಸುವಾಗ ಅವಳು ಪಕ್ಕದ ಮನೆಯ ಜಗಲಿಯಲ್ಲಿ ಕೂತಳು. ಆಗ ‘ಸದ್ಯಕ್ಕೆ’ ಎಂದೇ ಬರೆದಳು. ಯಜಮಾನ ಅವಳ ಹೆಸರನ್ನು ಇದ್ದಲ್ಲಿಯೇ ಇಟ್ಟ.”

“ನಮಗೆ ಯಾವುದು ಸರಿ, ಗುರುಗಳೇ?”

ಗುರುಗಳು ನಕ್ಕರು. “ನನ್ನನ್ನೇಕೆ ಕೇಳುತ್ತೀಯ? ಹಳೆಯ ಮನೆಗೆ ಮರಳುತ್ತೀಯೋ ಇಲ್ಲವೋ ಎನ್ನುವುದು ನಿನಗಲ್ಲವೇ ಗೊತ್ತು?”

ಚಂಪಕ ಹಳೆಯ ವಿಳಾಸದ ಮುಂದೆ ‘ಕಾಯಂ’ ಎಂದು ಬರೆದಳು.