ತಗಡಿಗೆ ಒರಗಿದ ಕಂಪ್ರೆಸರ್

ಒಂದು ಗ್ಯಾರೇಜಿನಲ್ಲಿ, ತಗಡಿನ ಗೋಡೆಗೆ ಬೆನ್ನು ಕೊಟ್ಟು ನಿಂತ ಗಾಳಿ ತುಂಬುವ ಕಂಪ್ರೆಸರ್ ಇತ್ತಂತೆ. ಅದು ಶುರುವಾಯಿತೆಂದರೆ ಅಂಗಳವೆಲ್ಲ ಗಡಗಡ. ಅಲ್ಲೇ ಮರಿ ಮೇಯಿಸುವ ಹೇಂಟೆಗೆ ಒಂದೇ ಚಿಂತೆ: ಹದ್ದು ಬಂದಾಗ ತಾನು ಕೂಗಿದ್ದು ಮರಿಗಳಿಗೆ ಕೇಳಿಸುವುದಿಲ್ಲ. ನಿನ್ನೆ ಒಂದು ಮರಿ ಹೋಗಿಯೇ ಹೋಯಿತು.

"ಕಂಪ್ರೆಸರಣ್ಣ, ಸ್ವಲ್ಪ ಮೆಲ್ಲಗೆ ಕೂಗಬಾರದೇ?"

"ಕೂಗದಿದ್ದರೆ ಗಾಳಿ ಎಲ್ಲಿಂದ ಬಂದೀತು, ಹುಚ್ಚಿ? ನನ್ನ ಬಲವೆಲ್ಲ ಈ ದನಿಯಲ್ಲೇ ಇರುವುದು!"

ಹೌದೇ ಅನ್ನಿಸಿತು ಹೇಂಟೆಗೆ. ಕತ್ತು ಓರೆ ಮಾಡಿ ಅದರ ಹೊಟ್ಟೆಗೆ ಕಿವಿಯಿಟ್ಟಿತು, ಆಮೇಲೆ ತಗಡಿಗೂ ಇಟ್ಟಿತು.

"ಅಯ್ಯೋ ಅಣ್ಣ, ನಿನ್ನ ಹೊಟ್ಟೆಯಲ್ಲಿ ಇಷ್ಟು ಸದ್ದೇ ಇಲ್ಲ. ಬಡಬಡ ಅನ್ನುತ್ತಿರುವುದು ಈ ತಗಡು!"

"ಅದು ನನ್ನನ್ನು ಹೊಗಳುತ್ತಿದೆ," ಎಂದು ಬೀಗಿತು ಕಂಪ್ರೆಸರ್.

"ಒಂದು ಗೇಣು ಈಚೆ ಬಂದು ಆ ಹಳೇ ರಬ್ಬರ್ ಹಾಸಿನ ಮೇಲೆ ನಿಲ್ಲು. ಗಾಳಿ ಕಡಿಮೆಯಾದರೆ ನಾನೇ ಅಂಗಳ ಬಿಡುತ್ತೇನೆ."

ಕಂಪ್ರೆಸರಿಗೂ ನೋಡಿಯೇಬಿಡೋಣ ಅನ್ನಿಸಿತು. ಅದುರುತ್ತ ಅದುರುತ್ತ ಸರಿದು ಹಾಸಿನ ಮೇಲೆ ನಿಂತಿತು. ಗಡಗಡ ಹೋಗಿ ಗುರುಗುರು ಉಳಿಯಿತು. ಅಷ್ಟರಲ್ಲಿ ಹದ್ದಿನ ನೆರಳು ಬಿತ್ತು. ಹೇಂಟೆ ಕೂಗಿದ್ದೇ ತಡ, ಮರಿಗಳೆಲ್ಲ ಓಡಿ ಬಂದು ಅದರ ರೆಕ್ಕೆಯಡಿ ಸೇರಿದವು.

"ನನ್ನ ದನಿ ಇಷ್ಟೇನಾ?" ಎಂದಿತು ಕಂಪ್ರೆಸರ್, ಮುಖ ಸಣ್ಣಗೆ ಮಾಡಿಕೊಂಡು.

"ಇಷ್ಟೇ ಅಣ್ಣ. ಆದರೆ ಅತ್ತ ನೋಡು, ನಿನ್ನ ಗಾಳಿಗೆ ಆ ಲಾರಿಯ ಚಕ್ರ ಹೇಗೆ ಉಬ್ಬುತ್ತಿದೆ!"