ಹೊಸ್ತಿಲಿನಿಂದ ತಿರುಗಿದ ಬುತ್ತಿ

ಪೂಜ್ಯ ಅದೃಶ್ಯಪ್ಪಜ್ಜನವರ ಮಠವೆಂದರೆ ಹಳ್ಳದ ದಂಡೆಯಲ್ಲೊಂದು ಜೋಪಡಿ, ಒಳಗೊಂದು ಗೋಣಿತಟ್ಟು, ಅಷ್ಟೇ. ಅಂದು ಅಜ್ಜನವರು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಾಗ ಚನವೀರಪ್ಪ ಮಾಸ್ತರರು ಬಂದು ನಿಂತರು. ಅವರು ಮಠ, ಮಂತ್ರಗಳನ್ನು ನಂಬಿದವರಲ್ಲ. ಆದರೆ ಮಡದಿ ಕಾಶವ್ವ ತೀರಿಕೊಂಡ ಮೇಲೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು. ಅಂಗಿ ಹೆಗಲಿಂದ ಜಾರುವಷ್ಟು ಸೊರಗಿದ್ದರು.

“ಡಾಕ್ಟರ್ ಏನೂ ಇಲ್ಲ ಅಂತಾರ್ರಿ. ಒಂದು ತಾಯತ ಕಟ್ಟಿಬಿಡ್ರಿ ಅಜ್ಜಾರ, ಅದೂ ಒಂದು ಆಗಿಹೋಗ್ಲಿ.”

ಅಜ್ಜನವರು ಮೊರದಿಂದ ಕಣ್ಣೆತ್ತಿದರು. “ಕಾಶವ್ವ ಹೋದಾಗ ಬುತ್ತಿ ಯಾರು ತಂದಿದ್ರು?”

ಮಾಸ್ತರರ ತಲೆ ತಗ್ಗಿತು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ಓಣಿಯವರೇ ಬುತ್ತಿ ತಂದು, ಜೊತೆಗೆ ಕುಳಿತು ಉಣಿಸುವುದು ಆ ಸೀಮೆಯ ರೂಢಿ. ಮಾಸ್ತರರು ಮಾತ್ರ, “ನನಗ ಯಾರ ಹಂಗೂ ಬ್ಯಾಡ” ಎಂದು ಎದುರುಮನೆ ಶಂಕ್ರವ್ವನ ಬುತ್ತಿಯನ್ನು ಹೊಸ್ತಿಲಿನಿಂದಲೇ ತಿರುಗಿಸಿದ್ದರು. ಮುಂದೆ ಆ ಬಾಗಿಲನ್ನು ಯಾರೂ ತಟ್ಟಲಿಲ್ಲ. ತಡೆತಡೆದು ಅದನ್ನೆಲ್ಲ ಹೇಳಿಕೊಂಡರು.

“ಆಕೀನ್ನ ಒಯ್ಯುವಾಗ ನಾಕು ಮಂದಿ ಹೆಗಲು ಕೊಟ್ರು. ದುಃಖ ಮಾತ್ರ ಒಬ್ರೇ ಹೊತ್ತೀರಲ್ಲ ಮಾಸ್ತರ?” ಎಂದು ಅಜ್ಜನವರು ಎದ್ದರು. “ನಡೀರಿ. ತಾಯತದ ಮಾತು ಉಂಡ ಮ್ಯಾಲೆ. ನನಗ ಆ ಬುತ್ತಿ ಬೇಕು.”

ಅಜ್ಜನವರು ಹೋಗಿ ಮಾಸ್ತರರ ಪಡಸಾಲೆಯಲ್ಲಿ ಕುಳಿತುಬಿಟ್ಟರು. ಮಾಸ್ತರರು ಎದುರುಮನೆ ಬಾಗಿಲಲ್ಲಿ ನಿಂತರು.

“ಶಂಕ್ರವ್ವಾ... ಅವತ್ತಿನ ಬುತ್ತಿ...”

“ಅವತ್ತಿಂದು ಇನ್ನೂ ಇರ್ತದೇನ್ರಿ ಮಾಸ್ತರ? ನಮ್ಮ ಎಮ್ಮಿ ತಿಂತು!” ಎಂದಳು ಆಕೆ. ಅಂದವಳೇ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆ ಹೊತ್ತಿಸಿದಳು.

ಬಿಸಿ ರೊಟ್ಟಿ, ಪುಂಡಿಪಲ್ಯದೊಂದಿಗೆ ಆಕೆ ಬಂದಳು. ಹಿಂದೆಯೇ ಮಜ್ಜಿಗೆ ಚರಿಗೆ ಹಿಡಿದು ಓಣಿಯ ಮತ್ತೊಬ್ಬರು, ಬರಿಗೈಯಲ್ಲಿ ಇನ್ನಿಬ್ಬರು. ಎಲ್ಲರೂ ಕುಳಿತರು.

“ಕಾಶವ್ವ ಪಲ್ಯಕ್ಕ ಉಪ್ಪು ಮರೀತಿದ್ಲು. ಮಾಸ್ತರ ಗಪ್ ಚುಪ್ ಉಂಡು ಏಳ್ತಿದ್ರು,” ಎಂದಳು ಶಂಕ್ರವ್ವ.

ಮಾಸ್ತರರಿಗೆ ನಗು ಬಂತು. ನಗುತ್ತ ನಗುತ್ತಲೇ ದನಿ ಒಡೆಯಿತು. ಮಡದಿಯನ್ನು ಮಣ್ಣಿಗಿಟ್ಟಾಗಲೂ ಅಳದಿದ್ದವರು ರೊಟ್ಟಿಯ ತುತ್ತು ಕೈಯಲ್ಲಿ ಹಿಡಿದು ಅತ್ತರು. ಅಳಬ್ಯಾಡ್ರಿ ಎಂದು ಯಾರೂ ಅನ್ನಲಿಲ್ಲ. ಅಜ್ಜನವರ ಕೈ ಅವರ ಬೆನ್ನ ಮೇಲಿತ್ತು.

ಅಜ್ಜನವರು ಯಾವಾಗ ಎದ್ದುಹೋದರೋ ತಿಳಿಯಲಿಲ್ಲ. ಮಾಸ್ತರರಿಗೆ ತಾಯತದ ನೆನಪಾದದ್ದು ಮರುದಿನ, ಮುಖದ ಮೇಲೆ ಬಿಸಿಲು ಬಿದ್ದು ಎಚ್ಚರವಾದಾಗ.

ಮುಂದೆ ಆ ಓಣಿಯಲ್ಲಿ ಯಾರ ಮನೆಯ ಒಲೆ ಆರಿದರೂ ಮೊದಲ ಬುತ್ತಿ ಮಾಸ್ತರರದೇ. ಯಾರಾದರೂ ಬೇಡವೆಂದರೆ ಮರುಮಾತಾಡದೆ ಆ ಹೊಸ್ತಿಲಲ್ಲೇ ಕುಳಿತುಬಿಡುತ್ತಿದ್ದರು.