ಕರೆಗುಡ್ಡಕ್ಕೆ ಆ ಹೆಸರು ಬಂದ ಬಗೆ

ಹೊನ್ನೆಕೊಡ್ಲಿನ ಮೀನುಗಾರರ ಕೇರಿಯನ್ನು ದಾಟಿ ಪಡುವಣಕ್ಕೆ ನಡೆದರೆ ಕಡಲಿನೊಳಕ್ಕೆ ಮೂತಿ ಚಾಚಿ ನಿಂತ ಗುಡ್ಡವೊಂದು ಎದುರಾಗುತ್ತದೆ. ಮೂರು ಕಡೆ ನೀರು, ಒಂದು ಕಡೆ ಮಾತ್ರ ನೆಲ. ದಾರಿಯ ತಿರುವಿನಲ್ಲಿರುವ ಫಲಕದ ಮೇಲೆ ಕರಿಗುಡ್ಡ ಎಂದು ಬರೆದಿದೆ. ಅಲ್ಲಿಯ ಕಲ್ಲು ಕಪ್ಪಗಿರುವುದರಿಂದ ಹೊರಗಿನವರು ಅದನ್ನೇ ಸರಿಯೆಂದು ನಂಬುತ್ತಾರೆ. ಊರವರ ಬಾಯಲ್ಲಿ ಮಾತ್ರ ಅದು ಕರೆಗುಡ್ಡ, ಕರೆ ಎಂದರೆ ಕೂಗು. ಮಧ್ಯಾಹ್ನ ಕಳೆದ ಮೇಲೆ ಆ ಗುಡ್ಡದ ತೆಂಕು ಮಗ್ಗುಲಿನಲ್ಲಿ ಗಾಳಿ ಒಮ್ಮೆಲೇ ನಿಂತುಬಿಡುವ ಹೊತ್ತೊಂದು ಉಂಟು. ಆಗ ದನ ಮೇಯಿಸುವವರೂ ಅಲ್ಲಿ ಕೂರುವುದಿಲ್ಲ. ಕೂತವರ ಕಿವಿಯಲ್ಲಿ ಸಣ್ಣದೊಂದು ನಾದ ತುಂಬಿಕೊಳ್ಳುತ್ತದೆ, ಎದ್ದು ಕೇರಿ ತಲುಪುವವರೆಗೂ ಅದು ಬಿಡುವುದಿಲ್ಲ ಎನ್ನುತ್ತಾರೆ.

ಹಿಂದೆ ಒಮ್ಮೆ, ಯುದ್ಧ ನಡೆಯುತ್ತಿದ್ದ ವರ್ಷ, ಈ ಗುಡ್ಡಕ್ಕೆ ಹೆಸರೇ ಇರಲಿಲ್ಲ. ಗುಡ್ಡ ಎಂದರೆ ಸಾಕಿತ್ತು. ಆ ವರ್ಷ ಕರಾವಳಿಯುದ್ದಕ್ಕೂ ಸಂಜೆಯಾದರೆ ದೀಪ ಹಚ್ಚಬಾರದೆಂದು ಕಟ್ಟಪ್ಪಣೆಯಾಗಿತ್ತು. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿ ಜನ ಕತ್ತಲಲ್ಲೇ ಉಣ್ಣುತ್ತಿದ್ದರು. ಮೊದಲು ದಡದ ಮರಳಿಗೆ ಜಿಗುಟು ಎಣ್ಣೆಯ ಹೆಂಟೆಗಳು ಬಂದು ಬಿದ್ದವು. ಅವು ಎಲ್ಲಿಂದ ಬಂದವೆಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಆಮೇಲೆ ನೆರೆಯೂರಿನ ದೋಣಿಯೊಂದು ಜನರಿಲ್ಲದೆ ತೇಲುತ್ತ ಬಂದು ಬಂಡೆಗೆ ತಾಗಿ ನಿಂತಿತು. ಬಲೆ ಅರ್ಧಕ್ಕೆ ತುಂಡಾಗಿತ್ತು, ಗಂಜಿಯ ಮಡಕೆ ಹಾಗೇ ಇತ್ತು. ನೀರಿನ ಅಡಿಯಲ್ಲಿ ಏನೋ ಸುಳಿದಾಡುತ್ತಿದೆ ಎಂಬುದು ಅಂದಿನಿಂದ ಎಲ್ಲರಿಗೂ ಗೊತ್ತಾಯಿತು. ಆ ಹೊತ್ತಿಗೇ ನೌಕಾಪಡೆಯವರು ಬಂದು ಗುಡ್ಡದ ನೆತ್ತಿಯ ಮೇಲೆ ಡೇರೆ ಹಾಕಿ, ಕಬ್ಬಿಣದ ಕಂಬವೊಂದನ್ನು ನೆಟ್ಟು, ವೈರ್‌ಲೆಸ್ ಯಂತ್ರವನ್ನು ಇಟ್ಟರು. ಅದರ ಮುಂದೆ ಕಿವಿಗೆ ಮುಚ್ಚಳ ಹಾಕಿಕೊಂಡು ಕೂರುತ್ತಿದ್ದವನು ನವಲಗುಂದದ ಕಡೆಯ ಮಡಿವಾಳೆಪ್ಪ ಎಂಬ ನಾವಿಕ.

ಕೇರಿಯಲ್ಲಿ ಮಾಸ್ತಮ್ಮ ಮೊಗೇರ ಎಂಬ ಹೆಂಗಸಿದ್ದಳು. ಮೀನಿನ ಬುಟ್ಟಿ ಹೊತ್ತು ಊರೂರು ತಿರುಗುವವಳು. ತಾಯಿ ತೀರಿಕೊಂಡಾಗ ತಮ್ಮ ಜಟ್ಟಪ್ಪ ಇನ್ನೂ ಅಂಬೆಗಾಲಿಡುವ ಕೂಸು. ಅವನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಅವಳು ವ್ಯಾಪಾರ ಕಲಿತಳು. ಬೆಳೆದ ಮೇಲೆ ಆ ತಮ್ಮ ನೌಕಾಪಡೆ ಸೇರಿದ. ಕೊಚ್ಚಿಯಲ್ಲಿ ಗುಂಡಿ ಒತ್ತಿ ಬಿಡಿಬಿಡಿ ಸದ್ದುಗಳಲ್ಲಿ ಸಂದೇಶ ಕಳಿಸುವ ವಿದ್ಯೆ ಕಲಿತು, ನೀರಿನ ಮೇಲೂ ಇಳಿಯಬಲ್ಲ ವಿಮಾನದಲ್ಲಿ ರೇಡಿಯೊ ನೋಡಿಕೊಳ್ಳುವವನಾದ. ಗುಡ್ಡದ ಮೇಲಿನ ಡೇರೆಯಲ್ಲಿ ತಮ್ಮನದೇ ಕೆಲಸ ಮಾಡುವವನೊಬ್ಬ ಇದ್ದಾನೆಂದು ತಿಳಿದಾಗ ಮಾಸ್ತಮ್ಮ ದಿನವೂ ಒಂದು ಕೊಡ ನೀರು, ಒಂದು ಚಟ್ಟಿ ಸಾರು ಹೊತ್ತು ಹತ್ತತೊಡಗಿದಳು. ಮಡಿವಾಳೆಪ್ಪ ಮತ್ತು ಜಟ್ಟಪ್ಪ ಒಂದೇ ಕೊಠಡಿಯಲ್ಲಿ ಕಲಿತವರೆಂಬುದು ಮಾತಿಗೆ ಮಾತು ಬಂದು ತಿಳಿಯಿತು. ಗುಂಡಿ ಒತ್ತುವ ಕೈಯ ನಡೆಯಿಂದಲೇ ಒತ್ತುವವನು ಯಾರೆಂದು ಗುರುತು ಹಿಡಿಯಬಹುದು, ಜಟ್ಟಪ್ಪನದು ಕೊನೆಯಲ್ಲಿ ತುಸು ಎಳೆಯುವ ಕೈ ಎಂದು ಅವನು ಹೇಳಿದಾಗ ಅವಳಿಗೆ ನಗು ಬಂದಿತ್ತು. ಮಾತಾಡುವಾಗಲೂ ಅವನು ಹಾಗೇ ಎಂದಳು.

ಅಂದು ಮಾಸ್ತಮ್ಮ ಗುಡ್ಡ ಹತ್ತುವಾಗ ಬಿಸಿಲು ಪಡುವಣಕ್ಕೆ ವಾಲಿತ್ತು. ಗಾಳಿ ಇರಲಿಲ್ಲ. ಕಡಲು ಎಣ್ಣೆ ಸವರಿದ ಹಾಗೆ ಮಲಗಿತ್ತು, ಒಂದು ಹಕ್ಕಿಯೂ ಹಾರುತ್ತಿರಲಿಲ್ಲ. ಡೇರೆಯ ಬಾಯಿಗೆ ಬಂದಾಗ ಮಡಿವಾಳೆಪ್ಪ ಯಂತ್ರದ ಮೇಲೆ ಬಗ್ಗಿ ಕೂತಿದ್ದ. ಅವಳನ್ನು ಕಂಡದ್ದೇ ಅವನ ಮುಖ ಬಿಳಿಚಿತು. ಬರೆಯುತ್ತಿದ್ದ ಕೈ ಮಾತ್ರ ನಿಲ್ಲಲಿಲ್ಲ. ಅವನು ಏನನ್ನೋ ಕೇಳಿಸಿಕೊಂಡ, ತಲೆ ಅಲ್ಲಾಡಿಸಿದ, ತಾನೇ ಗುಂಡಿ ಒತ್ತಿದ, ಮತ್ತೆ ಕೇಳಿಸಿಕೊಂಡ. ಎರಡನೆಯ ಸಲ ಬರೆದು ಮುಗಿಸಿದವನೇ ಸಿಕ್ಕಿತೆಂದು ಗುಂಡಿ ಒತ್ತಿ, ಪಕ್ಕದ ಟೆಲಿಫೋನ್ ಎತ್ತಿ ಅಂಕಿಗಳನ್ನು ಕೂಗಿ ಹೇಳಿದ. ಕಿವಿಯ ಮುಚ್ಚಳ ಕಳಚಿ ಮೇಜಿನ ಮೇಲೆ ಬಿದ್ದಾಗ ಅದರೊಳಗಿನ ಸದ್ದು ಅವಳಿಗೂ ಕೇಳಿತು. ಬಿಡಿಬಿಡಿಯಾಗಿ ಬರುವುದೆಂದು ಅವಳು ಬಲ್ಲ ಸದ್ದು ಈಗ ಒಂದೇ ಎಳೆಯಾಗಿ, ತೆಳ್ಳಗೆ, ಮುರಿಯದೆ ಬರುತ್ತಿತ್ತು.

"ಎಂತದು ಅದು, ತಮ್ಮಾ?" ಎಂದಳು ಮಾಸ್ತಮ್ಮ.

"ಯಾರೋ ಕರ್ಯಾಕತ್ತಾರ ಅಕ್ಕಾರ, ದೂರದಿಂದ."

"ಮತ್ತೆ ನೀನು ಓ ಅನ್ನೂದಿಲ್ವಾ?"

"ಅಂದೀನಿ. ಅವರಿಗೆ ಕೇಳಿಸಿತೋ ಇಲ್ಲೋ ಗೊತ್ತಾಗವಲ್ದು."

ಸದ್ದು ನಿಂತುಹೋಯಿತು. ಮಡಿವಾಳೆಪ್ಪ ಮತ್ತೆ ಮತ್ತೆ ಗುಂಡಿ ಒತ್ತಿದ. ಮರಳಿ ಏನೂ ಬರಲಿಲ್ಲ. ಅವಳು ಕೊಡವನ್ನು ಅಲ್ಲೇ ಇಟ್ಟು ಇಳಿದಳು. ಸೈನ್ಯದ ವಿಷಯ ಹೊರಗೆ ಹೇಳುವ ಹಾಗಿಲ್ಲವಾದ್ದರಿಂದ ಅವನು ಬಾಯಿ ಬಿಡಲಿಲ್ಲ. ಅಂದಿನಿಂದ ಅವಳು ತಂದ ಸಾರನ್ನೂ ಅವನು ಮುಟ್ಟಲಿಲ್ಲ. ಅದರಿಂದಲೇ ಅವಳಿಗೆ ಅರ್ಧ ತಿಳಿದುಹೋಯಿತು ಎನ್ನುತ್ತಾರೆ.

ಉಳಿದರ್ಧವನ್ನು ಹೇಳಲು ಅವಳ ಮನೆಗೆ ಬಂದವರು ಕೊಡಗಿನ ಲೆಫ್ಟಿನೆಂಟ್ ಚಂಗಪ್ಪ. ತೋಳನ್ನು ಕೊರಳಿಗೆ ಬಿಗಿದುಕೊಂಡು ಬಂದಿದ್ದರು, ಜಟ್ಟಪ್ಪನಿದ್ದ ವಿಮಾನದಲ್ಲೇ ಇದ್ದವರು. ಮಡಿವಾಳೆಪ್ಪನೂ ಹಿಂದೆಯೇ ಬಂದು ಬಾಗಿಲ ಹೊರಗೆ ನಿಂತ. ಸಾವಿರಕ್ಕೂ ಹೆಚ್ಚು ಸೈನಿಕರನ್ನು ತುಂಬಿಕೊಂಡ ಹಡಗೊಂದು ಅಂದು ಆ ದಾರಿಯಲ್ಲಿ ಬರುವುದಿತ್ತು. ಅದರ ದಾರಿಗೆ ಅಡ್ಡವಾಗಿ ಕಾದಿದ್ದ ಶತ್ರುವಿನ ಜಲಾಂತರ್ಗಾಮಿ ನೀರಿನ ಮೇಲೆ ಬಂದಿದ್ದಾಗ ವಿಮಾನದವರ ಕಣ್ಣಿಗೆ ಬಿತ್ತು. ಅವರು ಎರಗುವ ಮೊದಲೇ ಕೆಳಗಿನಿಂದ ಗುಂಡು ಹಾರಿತು. ಎಂಜಿನ್ ಹೊತ್ತಿಕೊಂಡಿತು, ರೇಡಿಯೊ ಬಾಯಿ ಕಟ್ಟಿತು. ವಿಮಾನ ಹೇಗೋ ನೀರಿಗಿಳಿಯಿತು, ಇಳಿದದ್ದೇ ಹೊಟ್ಟೆಯ ತೂತುಗಳಿಂದ ನೀರು ನುಗ್ಗಿತು. ಜಲಾಂತರ್ಗಾಮಿ ಮತ್ತೆ ನೀರಿನಡಿಗೆ ಇಳಿದು ಮರೆಯಾಯಿತು. ಮೈತುಂಬ ಗಾಯವಾಗಿದ್ದ ಚಾಲಕನನ್ನೂ ಚಂಗಪ್ಪನವರನ್ನೂ ಜಟ್ಟಪ್ಪ ಒಬ್ಬನೇ ಎಳೆದು ರಬ್ಬರ್ ತೆಪ್ಪದ ಮೇಲೆ ಮಲಗಿಸಿದ. ಮಲಗಿಸಿ ತಿರುಗಿ ಒಳಗೆ ಹೋದ. ಹರಿದ ತಂತಿಯನ್ನು ಹೇಗೋ ಸೇರಿಸಿ, ಜಲಾಂತರ್ಗಾಮಿ ಇದ್ದ ಜಾಗದ ಅಂಕಿಗಳನ್ನು ಹೇಳುತ್ತ ಕರೆಯತೊಡಗಿದ. ನೀರಿನ ಮಟ್ಟದಿಂದ ಹೊರಟ ಆ ಕ್ಷೀಣವಾದ ಕರೆ ದೂರದ ದೊಡ್ಡ ನೆಲೆಗಳಿಗೆ ಮುಟ್ಟಲಿಲ್ಲ. ಮುಟ್ಟಿದ್ದು ಕಡಲಿಗೆ ಚಾಚಿದ ಈ ಗುಡ್ಡಕ್ಕೆ ಮಾತ್ರ.

"ನೀರು ಅವನ ಸೊಂಟಕ್ಕೆ ಬಂದಿತ್ತಮ್ಮ. ಸಾಕು, ಬಾ ಅಂತ ಕೂಗಿದೆ," ಎಂದರು ಚಂಗಪ್ಪ. "ಅಂಕಿ ಅವರಿಗೆ ಸರಿಯಾಗಿ ಸಿಕ್ಕಿಲ್ಲ ಸಾರ್, ಮತ್ತೆ ಕೇಳ್ತಿದ್ದಾರೆ ಅಂದ. ಆಮೇಲೆ ವಿಮಾನದ ಬಾಲ ಮೇಲೆದ್ದಿತು."

ಮಾಸ್ತಮ್ಮ ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಡೇರೆಯಲ್ಲಿ ಮಡಿವಾಳೆಪ್ಪ ತಲೆ ಅಲ್ಲಾಡಿಸಿ ಗುಂಡಿ ಒತ್ತಿದ್ದು ಅವಳ ಕಣ್ಣ ಮುಂದೆಯೇ ನಡೆದಿತ್ತು. ಈಗ ಅವನು ನೆಲ ನೋಡುತ್ತ ನಿಂತಿದ್ದ.

"ನೀನು ಮತ್ತೆ ಕೇಳದೆ ಇದ್ರೆ ಆ ಹಡಗಿನವರು ಎಂತ ಆಗ್ತಿದ್ರು?" ಎಂದಳು.

"ಉಳೀತಿರಲಿಲ್ಲ, ಅಕ್ಕಾರ. ಅಂಕಿ ಸಿಕ್ಕ ಮ್ಯಾಲೇ ಹಡಗ ತಿರುಗಿಸಿದ್ರು."

"ಹಂಗಾರೆ ಕೇಳಿದ್ದು ಸರಿ." ಇನ್ನೊಂದು ಮಾತೂ ಕೇಳಿದಳು. "ಕಡೆಗೆ ನೀನು ಓ ಅಂದದ್ದು ಅವನಿಗೆ ಮುಟ್ಟಿತಾ?"

ಕೊನೆಗೆ ಮುರಿಯದೆ ಬಂದ ಆ ಸದ್ದು ಗುಂಡಿ ಒತ್ತಿದಂತೆಯೇ ಉಳಿದದ್ದರಿಂದ ಬಂದದ್ದು. ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ಒತ್ತಿದವನಿಗೆ ಬೇರೆ ಏನೂ ಕೇಳಿಸುವುದಿಲ್ಲ. ಜಟ್ಟಪ್ಪ ಬೇಕೆಂದೇ ಹಿಡಿದಿದ್ದನೋ, ಸತ್ತ ಕೈ ಅದರ ಮೇಲೆ ಕುಸಿದಿತ್ತೋ ಹೇಳಬಲ್ಲವರು ಯಾರೂ ಇಲ್ಲ. ವಿಮಾನವಾಗಲಿ ದೇಹವಾಗಲಿ ಸಿಗಲಿಲ್ಲ. ಆ ದಿಕ್ಕಿನ ಒಂದು ಜಾಗದಲ್ಲಿ ಬಲೆ ಬಿಟ್ಟರೆ ಕೆಳಗಿನಿಂದ ಯಾರೋ ಹಿಡಿದೆಳೆದ ಹಾಗೆ ಜಗ್ಗಿ, ಹರಿದು ಬರುತ್ತದೆಂದು ದೋಣಿಗಳು ಇಂದಿಗೂ ಸುತ್ತಿ ಹೋಗುತ್ತವೆ.

ಯುದ್ಧ ಮುಗಿದ ಮೇಲೆ ಸರ್ಕಾರ ಜಟ್ಟಪ್ಪನಿಗೆ ಮರಣೋತ್ತರವಾಗಿ ಶೌರ್ಯಪದಕ ಕೊಟ್ಟಿತು. ಮಾಸ್ತಮ್ಮ ದಿಲ್ಲಿಗೆ ಹೋಗಿ, ಮೊಗೇರರ ಹೆಂಗಸರು ಉಡುವ ಹಾಗೆಯೇ ಸೀರೆ ಉಟ್ಟು ನಿಂತು, ಅದನ್ನು ಎರಡು ಕೈಯಲ್ಲಿ ಇಸಿದುಕೊಂಡಳು. ಅವನು ಕಲಿತ ಶಾಲೆಯ ಕೊಠಡಿಗೆ ಅವನ ಹೆಸರಿಟ್ಟರು. ಗುಡ್ಡಕ್ಕೂ ಇಡುತ್ತೇವೆ ಎಂದು ಅಧಿಕಾರಿಗಳು ಬಂದಾಗ ಅವಳು ಬೇಡವೆಂದಳು. ತನ್ನ ತಮ್ಮ ಈ ಗುಡ್ಡದ ಮೇಲೆ ಸತ್ತವನಲ್ಲ, ಅವನು ಕರೆದದ್ದು ಇಲ್ಲಿಗೆ ಬಂತು, ಅಷ್ಟೇ ಎಂದಳು. ಆ ಮಾತಿನಿಂದಲೇ ಕೇರಿಯವರು ಗುಡ್ಡವನ್ನು ಕರೆಗುಡ್ಡ ಎನ್ನತೊಡಗಿದರು. ಕಲ್ಲೊಂದನ್ನು ನಿಲ್ಲಿಸಲು ಮಾತ್ರ ಅವಳು ಒಪ್ಪಿದಳು. ಅದರ ಮೇಲೆ ಏನು ಕೆತ್ತಬೇಕು, ಯಾವ ಕಡೆಗೆ ಕೆತ್ತಬೇಕು ಎಂಬುದನ್ನು ತಾನೇ ಹೇಳಿದಳು.

ಇಂದು ಗುಡ್ಡ ಹತ್ತಿದವರಿಗೆ ನೆತ್ತಿಯ ಅಂಚಿನಲ್ಲಿ ಆಳೆತ್ತರದ ಕಲ್ಲೊಂದು ಕಾಣುತ್ತದೆ. ಈ ಕಡೆಯಿಂದ ನೋಡಿದರೆ ಒಂದಕ್ಷರವಿಲ್ಲ. ಬರೀ ಬೋಳು ಬೆನ್ನು. ಕೆತ್ತಿದ ಮುಖ ಕಡಲಿಗಿದೆ, ಅದರ ಮುಂದೆ ನಿಲ್ಲಲು ಒಂದು ಹೆಜ್ಜೆಯ ಜಾಗವೂ ಇಲ್ಲ. ಓದಬೇಕೆಂದರೆ ದೋಣಿಯಲ್ಲಿ ಹೋಗಬೇಕು. ಗುಡ್ಡದ ಮೂತಿಯ ಹತ್ತಿರ ಮೀನುಗಾರರು ಎಂಜಿನ್ ಆರಿಸುತ್ತಾರೆ. ದೋಣಿ ಅಲೆಯ ಮೇಲೆ ತಾನಾಗಿ ತಿರುಗಿದಾಗ, ದೂರಕ್ಕೂ ಕಾಣುವ ಹಾಗೆ ದೊಡ್ಡದಾಗಿ ಕೆತ್ತಿದ ಅಕ್ಷರಗಳು ಎದುರಿಗೆ ಬರುತ್ತವೆ. ಮೇಲೆ ಜಟ್ಟಪ್ಪ ಎಂಬ ಹೆಸರು. ಅದರ ಕೆಳಗೆ ಒಂದೇ ಮಾತು: ಕೇಳಿಸಿತು.